ತುರಿಕೆಯ ಮಕ್ಕಳಿಗೆ ಹಾಸಿಗೆ ಹೊಲಿಯುವ ವಿಮಲಮ್ಮ

ಮೂರ್ನಾಡು ಪೇಟೆ ಇನ್ನೂ ಕಣ್ಣು ಬಿಟ್ಟಿಲ್ಲ. ಮುಚ್ಚಿದ ಅಂಗಡಿಗಳ ಷಟರ್‌ಗಳ ಮೇಲೆ ಮಂಜಿನ ಹನಿ ಜಾರುತ್ತಿದೆ. ಮುಖ್ಯ ರಸ್ತೆ ಬಿಟ್ಟು ಒಳಗೆ ಹೋಗುವ ಓಣಿಯ ಕೊನೆಯ ಹೆಂಚಿನ ಮನೆಯ ಹಿತ್ತಿಲಲ್ಲಿ ಮಾತ್ರ ಬೆಂಕಿ ಕಾಣುತ್ತದೆ. ಮೂರು ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ಹಂಡೆ, ಹಂಡೆಯಲ್ಲಿ ಕೊತಕೊತ ಕುದಿಯುವ ನೀರು, ನೀರಿನಲ್ಲಿ ಹಳೆಯ ಸೀರೆಗಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉದ್ದ ಕೋಲಿನಿಂದ ಬಟ್ಟೆಯನ್ನು ಅದುಮುತ್ತಾ ನಿಂತಿದ್ದಾರೆ ವಿಮಲಮ್ಮ.

ಕುದಿಸಿದ ಬಟ್ಟೆಯನ್ನು ಅವರು ಮೂರು ಬಕೆಟ್ ತಣ್ಣೀರಿನಲ್ಲಿ ಒಂದಾದ ಮೇಲೊಂದರಂತೆ ಜಾಲಿಸುತ್ತಾರೆ. ಪ್ರತಿ ಸಲವೂ ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ಕೊನೆಯ ಬಕೆಟ್ಟಿನಿಂದ ತೆಗೆದದ್ದಕ್ಕೂ ಸಮಾಧಾನವಾಗದೆ ಮತ್ತೆ ಬಾವಿಕಟ್ಟೆಗೆ ನಡೆಯುತ್ತಾರೆ.

"ಸೋಪಿನ ವಾಸನೆ ಘಮ್ಮಂತ ಬಂದ್ರೆ ಎಲ್ರಿಗೂ ಖುಷಿ. ನಂಗೆ ಭಯ ಆಗುತ್ತೆ. ವಾಸನೆ ಇದೆ ಅಂದ್ರೆ ಬಟ್ಟೇಲಿ ಸೋಪು ಉಳ್ಕೊಂಡಿದೆ ಅಂತ. ಅದ್ರ ಮೇಲೆ ಮಲಗಿಸಿದ್ರೆ ಮಗು ರಾತ್ರಿಯೆಲ್ಲ ಕೆರ್ಕೊಳ್ಳುತ್ತೆ" ಎನ್ನುತ್ತಾರೆ.

ವಿಮಲಮ್ಮನ ಕಸುಬಿಗೆ ಬೋರ್ಡಿಲ್ಲ, ಹೆಸರೂ ಇಲ್ಲ. ಇಸುಬು ಇರುವ ಮಕ್ಕಳಿಗೆ ಅವರು ಹಾಸಿಗೆ, ಹೊದಿಕೆ, ದಿಂಬು ಹೊಲಿದು ಕೊಡುತ್ತಾರೆ. ಡಾಕ್ಟರುಗಳು ಎಕ್ಸಿಮಾ ಎನ್ನುವ ಈ ಚರ್ಮದ ಕಾಯಿಲೆ ಮೊಣಕೈಯ ಒಳಮಡಿಕೆಯಲ್ಲಿ, ಮಂಡಿಯ ಹಿಂಭಾಗದಲ್ಲಿ, ಕತ್ತಿನ ಸುತ್ತ ಕೆಂಪಗೆ ಎದ್ದು, ಒಣಗಿ, ಬಿರಿದು ಮಕ್ಕಳ ನಿದ್ದೆ ಕಸಿಯುತ್ತದೆ. ಅದು ಅಂಟುರೋಗವಲ್ಲ. ಆದರೆ ಓಣಿಯ ಜನಕ್ಕೆ ಅದನ್ನು ನಂಬಿಸುವುದು ಸುಲಭವಲ್ಲ. ಪಕ್ಕದ ಮನೆಯವರು ತಮ್ಮ ಬಟ್ಟೆ ಒಣಗಿಸುವ ತಂತಿಯನ್ನು ವಿಮಲಮ್ಮನ ಬೇಲಿಯಿಂದ ದೂರ ಸರಿಸಿ ವರ್ಷಗಳಾದವು. ಹಬ್ಬದ ದಿನ ಇವರು ಕೊಟ್ಟು ಕಳಿಸುವ ಕಡುಬು ಯಾರ ಹೊಟ್ಟೆಗೆ ಸೇರುತ್ತದೆಯೋ ಇವರಿಗೆ ಗೊತ್ತಿಲ್ಲ. "ಕೇಳೋಕೆ ಹೋಗಲ್ಲ. ಕೇಳಿದ್ರೆ ಅವ್ರು ಸುಳ್ಳು ಹೇಳ್ಬೇಕಾಗುತ್ತೆ, ಪಾಪ."

ಹಿತ್ತಿಲಿನಿಂದ ಮನೆಯೊಳಗೆ ಬಂದರೆ ನಡುಮನೆಯೇ ಕಾರ್ಖಾನೆ. ಸುಣ್ಣ ಬಳಿದ ಬರೀ ಗೋಡೆ. ಒಂದು ಕ್ಯಾಲೆಂಡರ್ ಕೂಡ ಇಲ್ಲ, ಧೂಳು ಕೂರುತ್ತದೆ ಎಂದು. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ನೆಲದ ಮೇಲೆ ಚಾಪೆ, ಮೂಲೆಯಲ್ಲಿ ಮಡಿಸಿಟ್ಟ ಬಟ್ಟೆಯ ರಾಶಿ. ಊರೂರು ಅಲೆದು ಹಳೆಯ ಕಾಟನ್ ಸೀರೆ, ಪಂಚೆಗಳನ್ನು ತರುತ್ತಾರೆ. ಹೊಸ ಬಟ್ಟೆಗಿಂತ ಉಟ್ಟು, ಒಗೆದು ಸವೆದ ಬಟ್ಟೆ ಚರ್ಮಕ್ಕೆ ಹಿತ. ಆದರೆ ಅದು ಸಿಗುವುದೇ ಕಷ್ಟ. "ಕಾಟನ್ ಸೀರೆ ಉಡೋ ಅಜ್ಜಿಯಂದ್ರೆಲ್ಲ ಹೋಗ್ತಾ ಇದ್ದಾರೆ. ಈಗಿನವ್ರು ಕೊಡೋದೆಲ್ಲ ಪಳಪಳ ಅನ್ನೋದು."

ಅನುಮಾನ ಬಂದ ಬಟ್ಟೆಯಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಾರೆ. ಹತ್ತಿಯ ನೂಲಾದರೆ ಕಾಗದ ಸುಟ್ಟಂತೆ ಬೂದಿಯಾಗಿ ಉದುರುತ್ತದೆ. ಬೇರೆಯದು ಸೇರಿದ್ದರೆ ತುದಿ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಅದು ನೆಲ ಒರೆಸುವ ರಾಶಿಗೆ ಹೋಗುತ್ತದೆ. ಉಳಿದದ್ದನ್ನು ಕೈಯ ಒಳಭಾಗಕ್ಕೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಮೆಲ್ಲಗೆ ಉಜ್ಜಿ ನೋಡುತ್ತಾರೆ. "ಬೆರಳಿಗೆ ಗೊತ್ತಾಗಲ್ಲ. ಸೂಜಿ ಹಿಡಿದೂ ಹಿಡಿದೂ ಜಡ್ಡುಗಟ್ಟಿದೆ" ಎಂದು ಬೆರಳ ತುದಿಗಳನ್ನು ತೋರಿಸುತ್ತಾರೆ.

ಬಟ್ಟೆಯನ್ನು ಪದರ ಪದರವಾಗಿ ಹರಡಿ, ಒಳಗೆ ಬಿಡಿ ಹತ್ತಿ ತುಂಬದೆ, ಕೌದಿಯಂತೆ ಹೊಲಿಯುತ್ತಾರೆ. ಇಡೀ ಹಾಸಿಗೆಯನ್ನು ಬಿಸಿನೀರಿಗೆ ಹಾಕಿ ಒಗೆಯಬಹುದು. ಗುಂಡಿ, ಲೇಸು, ಚೀಟಿ ಯಾವುದೂ ಇರುವುದಿಲ್ಲ. ದಾರದ ಗಂಟುಗಳೆಲ್ಲ ನೆಲದ ಕಡೆಗೆ. ಹೊದಿಕೆಯನ್ನು ಒಂದೇ ದಪ್ಪನೆಯದಾಗಿ ಮಾಡದೆ, ತೆಳ್ಳಗಿನ ಮೂರು ನಾಲ್ಕಾಗಿ ಕೊಡುತ್ತಾರೆ. ಕೊಡಗಿನ ಚಳಿಗೆ ಮನೆಮನೆಯಲ್ಲೂ ಮಕ್ಕಳ ಮೇಲೆ ಕಂಬಳಿ, ಅದರ ಮೇಲೆ ರಗ್ಗು ಹೇರುವುದು ರೂಢಿ. ಉಣ್ಣೆ ಚುಚ್ಚುತ್ತದೆ, ಸೆಕೆಗೆ ಬೆವರು ಬರುತ್ತದೆ, ಬೆವರಿದಲ್ಲಿ ತುರಿಕೆ ಏಳುತ್ತದೆ. ತೆಳು ಹೊದಿಕೆಯಾದರೆ ಸೆಕೆಯಾದಾಗ ಒಂದೊಂದಾಗಿ ತೆಗೆಯಬಹುದು. ಎಲ್ಲವೂ ಎರಡೆರಡು ಜೊತೆ. ಒಂದು ಒಗೆಯಲು ಹೋದಾಗ ಇನ್ನೊಂದು.

"ನಾನು ವಾಸಿ ಮಾಡ್ತೀನಿ ಅಂತ ಎಲ್ಲೂ ಬರೀಬೇಡಿ ಮೇಡಂ" ಎಂದು ನಡುವೆ ನನ್ನನ್ನು ತಡೆಯುತ್ತಾರೆ. "ವಾಸಿ ಮಾಡೋದು ಡಾಕ್ಟ್ರು ಕೊಡೋ ಮುಲಾಮು. ನಂದು ಮಲಗೋಕೊಂದು ಜಾಗ, ಅಷ್ಟೇ."

ಇಷ್ಟು ಹೊತ್ತಿಗೆ ಅಂಗಳದಲ್ಲಿ ಜೀಪು ನಿಂತ ಸದ್ದಾಗುತ್ತದೆ. ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವ ಮುಂಚೆ ಹಾಸಿಗೆ ಬೇಕೆಂದು ಬಾಳೆಲೆಯಿಂದ ಒಂದು ಕುಟುಂಬ ಬಂದಿದೆ. ಮೊಣ್ಣಪ್ಪ ಅಲ್ಲಿನ ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್, ಎಂದರೆ ಆಳುಗಳ ಹಾಜರಿ ಮತ್ತು ಕೆಲಸ ನೋಡಿಕೊಳ್ಳುವವರು. ಜೊತೆಯಲ್ಲಿ ಹೆಂಡತಿ ಶರ್ಮಿಳಾ, ಐದು ತುಂಬಿದ ಮಗಳು ಮೋಕ್ಷಿತಾ. ಸೆಕೆಯಲ್ಲೂ ಹುಡುಗಿಗೆ ತುಂಬುತೋಳಿನ ಅಂಗಿ. ಅಮ್ಮನ ಸೊಂಟಕ್ಕೆ ಅಂಟಿಕೊಂಡು, ಮಂಡಿಯ ಹಿಂದೆ ಅಂಗಿಯ ಅಂಚಿನಿಂದ ಉಜ್ಜಿಕೊಳ್ಳುತ್ತಿದ್ದಾಳೆ.

ವಿಮಲಮ್ಮ ಮಗುವಿನ ಕೈ ನೋಡುವುದಿಲ್ಲ. ನೋಡಿ ನೋಡಿ ಮಕ್ಕಳಿಗೆ ಸಾಕಾಗಿರುತ್ತದಂತೆ. ಚಾಪೆಯ ಮೇಲೆ ಎದುರು ಕೂತು ಬೇರೆಯೇ ಮಾತು ತೆಗೆಯುತ್ತಾರೆ.

"ಮನೇಲಿ ನಾಯಿ ಇದ್ಯಾ ಪುಟ್ಟಿ?"

"ಉಂಟು. ಟೈಗರ್."

"ಟೈಗರ್ ಎಲ್ಲಿ ಮಲಗುತ್ತೆ?"

ಹುಡುಗಿ ಅಮ್ಮನ ಮುಖ ನೋಡುತ್ತಾಳೆ. ಆಮೇಲೆ ಪಿಸುದನಿಯಲ್ಲಿ, "ನನ್ನ ಕಾಲ ಹತ್ರ" ಎನ್ನುತ್ತಾಳೆ.

ಮೊಣ್ಣಪ್ಪ ನಕ್ಕುಬಿಡುತ್ತಾರೆ. "ಎಂಥ ಮಾಡೋದು ಮಾರಾಯ್ರೆ, ಓಡಿಸಿದ್ರೂ ರಾತ್ರಿ ಬಂದು ಸೇರ್ಕೊಳ್ತದೆ."

ಹೀಗೇ ಒಂದೊಂದಾಗಿ ಹೊರಬರುತ್ತದೆ. ಮಗು ಮಲಗುವುದು ಫೋಮಿನ ಹಾಸಿಗೆಯ ಮೇಲೆ. ಹೊದೆಯುವುದು ಅಜ್ಜನ ಕಾಲದ ಉಣ್ಣೆಯ ಕಂಬಳಿ. ಮಳೆಗಾಲದಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲಿನ ಹಗ್ಗದಲ್ಲಿ, ಹೊಗೆಯಲ್ಲಿ. ಕ್ವಾರ್ಟರ್ಸಿನ ಗೋಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಒದ್ದೆ. ಮಡಿಕೇರಿಯ ಚರ್ಮದ ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ಸ್ನಾನದ ಕ್ರಮ ಹೇಳಿದ್ದಾರೆ, ಧೂಳು ತೇವ ದೂರವಿಡಿ ಎಂದಿದ್ದಾರೆ.

"ಅದಕ್ಕೇ ವಿಮಲಕ್ಕ, ನನ್ನ ಅಮ್ಮನ ಮನೆಗೆ ಕಳಿಸ್ತಾ ಇದ್ದೇವೆ" ಎನ್ನುತ್ತಾರೆ ಶರ್ಮಿಳಾ. "ಪಿರಿಯಾಪಟ್ಟಣದಲ್ಲಿ ಒಣ ಹವೆ ಅಲ್ವಾ. ಅಲ್ಲೇ ಸ್ಕೂಲಿಗೆ ಸೇರಿಸೋದು ಅಂತ ಮಾತಾಡಿ ಆಗಿದೆ. ಹಾಸಿಗೆ ಇವಳೊಬ್ಬಳಿಗೆ ಆಗುವಷ್ಟು ಸಾಕು. ಗಾಡಿಯಲ್ಲಿ ತಗೊಂಡು ಹೋಗೋಕೂ ಸುಲಭ."

ಅಳತೆಯ ಟೇಪು ಹಿಡಿದಿದ್ದ ವಿಮಲಮ್ಮ ಮಗುವನ್ನು ಚಾಪೆಯ ಮೇಲೆ ಮಲಗಲು ಹೇಳಿ ಉದ್ದ ಅಳೆಯುತ್ತಾರೆ. ಆಮೇಲೆ ಶರ್ಮಿಳಾ ಕಡೆ ತಿರುಗುತ್ತಾರೆ.

"ನೀವೂ ಮಲಗಿ, ಪಕ್ಕದಲ್ಲಿ."

"ನಾನು ಹೋಗೋದಿಲ್ಲ ಅಕ್ಕ. ನಂಗೆ ಇಲ್ಲಿ ಕೆಲಸ ಉಂಟಲ್ಲ. ಅವಳೊಬ್ಬಳೇ."

"ನಾನು ಒಬ್ರು ಮಲಗೋ ಹಾಸಿಗೆ ಹೊಲಿಯಲ್ಲ ಕಣಮ್ಮ."

ದನಿಯಲ್ಲಿ ಕೋಪವಿಲ್ಲ. ಮೋಕ್ಷಿತಾ ಎದ್ದು ಕೂರುತ್ತಾಳೆ. ಬಂದವರನ್ನು ಹೀಗೆ ಕೂರಿಸಿ ತಮ್ಮ ಮನೆಯ ಕಥೆ ಹೇಳುವ ಅಭ್ಯಾಸ ವಿಮಲಮ್ಮನಿಗಿಲ್ಲ. ಆ ದಿನ ಹೇಳುತ್ತಾರೆ.

ವಿಮಲಮ್ಮ ಹುಟ್ಟಿದ್ದು ಕುಶಾಲನಗರದ ಆಚೆ, ಶಿರಂಗಾಲದಲ್ಲಿ. ಮದುವೆಯಾಗಿ ಮೂರ್ನಾಡಿಗೆ ಬಂದರು. ಗಂಡ ಮರುಳಸಿದ್ದಪ್ಪನವರದು ಬೂರುಗದ ಹತ್ತಿಯ ಹಾಸಿಗೆ ಮಾಡುವ ಕಸುಬು. ಈಗ ಖಾಲಿಯಿರುವ ಇದೇ ನಡುಮನೆಯಲ್ಲಿ ಆಗ ಹತ್ತಿಯ ಗುಡ್ಡೆ ಬಿದ್ದಿರುತ್ತಿತ್ತು. ಮರುಳಸಿದ್ದಪ್ಪ ಬಿಲ್ಲು ಮೀಟಿ ಹತ್ತಿ ಹಿಂಜುತ್ತಿದ್ದರು. ರೇಷ್ಮೆಯಂಥ ಎಳೆಗಳು ಗಾಳಿಯಲ್ಲಿ ತೇಲಿ ಅನ್ನದ ತಟ್ಟೆಯಲ್ಲಿ, ತಲೆಗೂದಲಿನಲ್ಲಿ, ದೇವರ ಪಟದ ಮೇಲೆ ಕೂರುತ್ತಿದ್ದವು. ಈ ಮನೆಯಲ್ಲಿ ಅವರ ಒಬ್ಬಳೇ ಮಗಳು ದಿವ್ಯಶ್ರೀ ಹುಟ್ಟಿದಳು.

ಆರು ತಿಂಗಳು ತುಂಬುವಷ್ಟರಲ್ಲಿ ಮಗುವಿನ ಕೆನ್ನೆ ಕೆಂಪಾಯಿತು. ನಡೆಯಲು ಕಲಿಯುವಾಗ ಮಂಡಿಯ ಹಿಂದೆ ಬಿರುಕು ಬಿಟ್ಟಿತು. ಬೆಳಿಗ್ಗೆ ಎದ್ದರೆ ಹಾಸಿಗೆಯ ಮೇಲೆ ರಕ್ತದ ಗೀರು. ಕೈಗೆ ಕಾಲುಚೀಲ ತೊಡಿಸಿ ಮಲಗಿಸುತ್ತಿದ್ದರು, ಕೆರೆದುಕೊಳ್ಳದಿರಲಿ ಎಂದು. ಬೇವಿನ ಸೊಪ್ಪು, ಕೊಬ್ಬರಿ ಎಣ್ಣೆ, ಹರಕೆ, ಎಲ್ಲವೂ ಆಯಿತು.

"ಅವಳಪ್ಪಂಗೆ ಮಗಳು ಅಂದ್ರೆ ಪ್ರಾಣ. ಮಗೂಗೆ ಮೆತ್ತಗಿರ್ಲಿ ಅಂತ ಹೊಸ ಹತ್ತಿ ಆರಿಸಿ ಆರಿಸಿ, ಒಂದು ಬೀಜ ಇಲ್ದಂಗೆ ಹಿಂಜಿ, ಒಂದು ಹಾಸಿಗೆ ಮಾಡಿದ್ರು. ಅಂಥ ಹಾಸಿಗೇನ ಯಾವ ಗಿರಾಕಿಗೂ ಮಾಡಿರ್ಲಿಲ್ಲ. ಅದ್ರ ಮೇಲೆ ಮಲಗಿಸಿದ್ಮೇಲೆ ಇನ್ನೂ ಜಾಸ್ತಿ ಆಯ್ತು."

ಧೂಳಿನಿಂದ ಮಗುವನ್ನು ದೂರವಿಡಿ ಎಂದು ಡಾಕ್ಟರು ಹೇಳಿದಾಗ ಮರುಳಸಿದ್ದಪ್ಪ ನಂಬಲಿಲ್ಲ. ನನ್ನ ಕೈಯಾರೆ ಮಾಡಿದ ಹಾಸಿಗೆ ನನ್ನ ಮಗಳಿಗೇ ಆಗಿಬರುವುದಿಲ್ಲವೇ ಎಂದು ಎರಡು ದಿನ ಊಟ ಬಿಟ್ಟರು. ಆದರೆ ಹತ್ತಿ ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಬೇರೆ ಮನೆ ಹಿಡಿಯುವ ಶಕ್ತಿಯೂ ಇರಲಿಲ್ಲ. ಶಿರಂಗಾಲದಲ್ಲಿ ವಿಮಲಮ್ಮನ ತಂಗಿ ವಿನುತಾ ಇದ್ದರು. ಮಕ್ಕಳಿರಲಿಲ್ಲ. ಅಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ದಿವ್ಯಶ್ರೀಗೆ ಆರು ವರ್ಷ ತುಂಬಿದ ಜೂನ್‌ನಲ್ಲಿ ಅವಳ ಬಟ್ಟೆಗಳನ್ನೆಲ್ಲ ಕುದಿಸಿ, ಒಣಗಿಸಿ, ಗಂಟು ಕಟ್ಟಿ ತಂಗಿಯ ಮನೆಗೆ ಬಿಟ್ಟುಬಂದರು.

"ಒಂದು ವರ್ಷದಲ್ಲಿ ಮೈ ತಿಳಿಯಾಯ್ತು. ಸುಳ್ಳು ಹೇಳಲ್ಲ ಕಣಮ್ಮ" ಎಂದು ಶರ್ಮಿಳಾಗೆ ಹೇಳುತ್ತಾರೆ. "ನಾನು ನೋಡೋಕೆ ಹೋಗ್ತಿದ್ದೆ. ನನ್ನ ಸೀರೇಲಿ, ತಲೇಲಿ ಹತ್ತಿ ಇರೋದಲ್ಲ. ವಿನುತಾ ಹಿತ್ತಲಲ್ಲೇ ನೀರು ಕೊಡೋಳು. ಸ್ನಾನ ಮಾಡಿ, ಅವಳ ಸೀರೆ ಉಟ್ಕೊಂಡು ಆಮೇಲೆ ಒಳಗೆ. ಒಳ್ಳೇದಕ್ಕೇ ಹೇಳಿದ್ದು ಅವಳು. ಆದ್ರೂ, ಹೆತ್ತ ಮಗೂನ ಮುಟ್ಟೋಕೆ ತಂಗಿ ಸೀರೆ ಉಡ್ತಿದ್ದೆ ನಾನು."

ಒಮ್ಮೆ ದಿವ್ಯಶ್ರೀ ಅಂಗಳದಲ್ಲಿ ಆಡುತ್ತಾ ಬಿದ್ದು ಮಂಡಿ ತರಚಿಕೊಂಡಳು. ಜಗಲಿಯ ಮೇಲೆ ವಿಮಲಮ್ಮ ಕೂತಿದ್ದರು. "ಅಮ್ಮಾ" ಎಂದು ಅಳುತ್ತಾ ಓಡಿಬಂದ ಮಗು ಅವರನ್ನು ದಾಟಿ ಅಡುಗೆಮನೆಗೆ ಹೋಯಿತು. ವಿಮಲಮ್ಮ ಚಾಚಿದ ಕೈ ಹಾಗೇ ಇತ್ತು. ಒಳಗಿನಿಂದ ವಿನುತಾ "ಏನಾಯ್ತು ಮಗಳೇ" ಎನ್ನುವುದು ಕೇಳಿಸಿತು.

"ತಂಗಿ ಮೇಲೆ ನಂಗೆ ಸಿಟ್ಟಿಲ್ಲ. ಅವಳು ಸಾಕಿದ್ದಕ್ಕೆ ನನ್ನ ಮಗಳು ಇವತ್ತು ಚೆನ್ನಾಗಿದ್ದಾಳೆ. ಕಳಿಸಬೇಡಿ ಅಂತ ಹೇಳೋಕೂ ನಾನ್ಯಾರು? ಆದ್ರೆ ಚರ್ಮ ವಾಸಿ ಆದ್ಮೇಲೆ ಮಗು ವಾಪಸ್ ಬರುತ್ತೆ ಅಂದ್ಕೊಂಡಿದ್ದೆ. ಚರ್ಮ ವಾಸಿ ಆಯ್ತು. ಮಗು ಬರ್ಲಿಲ್ಲ."

ಶರ್ಮಿಳಾ ಮಗಳ ಕೂದಲು ಸರಿಮಾಡುತ್ತಾ ತಲೆ ತಗ್ಗಿಸಿದ್ದಾರೆ. ಕೊನೆಗೆ ಕೇಳುವುದು ಮೊಣ್ಣಪ್ಪ. "ಹಾಗಾದ್ರೆ ಎಂಥ ಮಾಡ್ಬೇಕು ಅಂತೀರಿ?"

"ಒಂದು ಮಳೆಗಾಲ ನೋಡಿ. ಡಾಕ್ಟ್ರು ಹೇಳಿದ್ದು ಒಂದೂ ತಪ್ಪಿಸ್ಬೇಡಿ. ಕಂಬಳಿ, ಫೋಮು ತೆಗೀರಿ. ಟೈಗರ್‌ಗೆ ಹೊರಗೆ ಗೋಣಿಚೀಲ ಹಾಸಿ. ಒಲೆ ಮೇಲೆ ಬಟ್ಟೆ ಒಣಗಿಸ್ಬೇಡಿ, ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿ, ಕರೆಂಟ್ ಇದ್ದಾಗ. ಇವರೂ ರಾತ್ರಿ ಕಾಟನ್ನೇ ಉಡ್ಲಿ, ಮಗೂಗೆ ತಗಲುತ್ತಲ್ಲ. ಆಗ್ಲೂ ಕಡಿಮೆ ಆಗ್ಲಿಲ್ಲ ಅಂದ್ರೆ ಕಳಿಸಿ. ಕಳಿಸಿದ್ರೂ ಅಮ್ಮ ಜೊತೇಲಿ ಹೋಗೋ ಹಂಗೆ ನೋಡ್ಕೊಳ್ಳಿ."

ಗಂಡ ಹೆಂಡತಿ ಹೊರಗೆ ಹೋಗಿ ಜೀಪಿನ ಪಕ್ಕ ನಿಂತು ಬಹಳ ಹೊತ್ತು ಮಾತಾಡುತ್ತಾರೆ. ಮೋಕ್ಷಿತಾ ಅಷ್ಟರಲ್ಲಿ ಬಟ್ಟೆಯ ರಾಶಿಯಿಂದ ಮಾಸಿದ ಹಸಿರು ಬಣ್ಣದ ಸೀರೆಯೊಂದನ್ನು ಎಳೆದು ಕೆನ್ನೆಗೆ ಒತ್ತಿಕೊಂಡಿದ್ದಾಳೆ. ಇದು ಬೇಕು ಎನ್ನುತ್ತಾಳೆ. ಹಿಂತಿರುಗಿ ಬಂದ ಶರ್ಮಿಳಾ ಚಾಪೆಯ ಮೇಲೆ ಮಗಳ ಪಕ್ಕದಲ್ಲಿ ಮಲಗುತ್ತಾರೆ. ವಿಮಲಮ್ಮ ಟೇಪು ಬಿಚ್ಚಿ ಇಬ್ಬರಿಗೂ ಸೇರಿಸಿ ಅಳತೆ ತೆಗೆದುಕೊಳ್ಳುತ್ತಾರೆ.

ಅವರು ಹೋದ ಮೇಲೆ ವಿಮಲಮ್ಮ ಕಾಫಿ ಮಾಡಿ ತರುತ್ತಾರೆ. ಬೆಲ್ಲದ ಕರಿ ಕಾಫಿ. ತಮಗೆ ಬೇಕಿಲ್ಲ ಎಂದು ಬರಿಗೈಯಲ್ಲಿ ಕೂರುತ್ತಾರೆ. ಈ ಕೆಲಸ ಹೇಗೆ ಶುರುವಾಯಿತು ಎಂದು ಕೇಳಿದರೆ ಮತ್ತೆ ಗಂಡನಿಂದಲೇ ಹೊರಡುತ್ತಾರೆ. ಮಗಳು ಹೋದ ಮೇಲೂ ಮರುಳಸಿದ್ದಪ್ಪ ಹಾಸಿಗೆ ಮಾಡುತ್ತಲೇ ಇದ್ದರು. ಕಡೆಯ ವರ್ಷಗಳಲ್ಲಿ ಅವರಿಗೆ ಉಬ್ಬಸ ಹಿಡಿಯಿತು. ಗೋಡೆಗೆ ಒರಗಿ ಕೂತೇ ನಿದ್ದೆ. "ಒಂದಿನ ಕೆಮ್ಮಿ ಕೆಮ್ಮಿ ಸುಸ್ತಾಗಿ, 'ಹತ್ತೀನೇ ಕಣೇ' ಅಂದ್ರು. ಡಾಕ್ಟ್ರು ಹೇಳಿದ್ದು ಅಷ್ಟು ವರ್ಷ ಆದ್ಮೇಲೆ ಒಪ್ಕೊಂಡ್ರು. ಮಗಳ ಹತ್ರ ಇದನ್ನ ಹೇಳು ಅಂದ್ರು. ನಾನಿನ್ನೂ ಹೇಳಿಲ್ಲ."

ಗಂಡ ತೀರಿಕೊಂಡ ಮೇಲೆ ಉಳಿದ ಹತ್ತಿಯನ್ನೆಲ್ಲ ಯಾರಿಗೋ ಕೊಟ್ಟರು. ಹೆಂಚು ಇಳಿಸಿ ಜಂತೆ ತೊಳೆಸಿದರು. ಗೋಡೆಗೆ ಸುಣ್ಣ ಹೊಡೆಸಿದರು. ಆಮೇಲೆ ಏನು ಮಾಡುವುದೆಂದು ತಿಳಿಯದೆ ಖಾಲಿ ನಡುಮನೆಯಲ್ಲಿ ಕೂತಿದ್ದಾಗ ಬಂದವರು ಪೊನ್ನಮ್ಮ. ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದವರು, ಈಗ ನಿವೃತ್ತರು. ಅಳುವ ಮಗುವನ್ನು ಹೊತ್ತ ಹೆಂಗಸೊಬ್ಬಳನ್ನು ಕರೆದುಕೊಂಡು ಬಂದು, "ನಿನ್ನ ಮಗಳಿಗೆ ಆಗಿದ್ದೇ ಇವಳ ಮಗುವಿಗೂ. ಮಲಗೋಕೆ ಏನಾದ್ರೂ ಹೊಲಿದು ಕೊಡು ವಿಮಲಾ" ಎಂದರಂತೆ.

ಮೊದಲ ಹಾಸಿಗೆ ಕೆಟ್ಟಿತು. ಅಂಗಡಿಯಿಂದ ಒಳ್ಳೆಯ ಹೊಸ ಬಟ್ಟೆ ತಂದು, ಒಗೆಯದೆ ಹಾಗೇ ಹೊಲಿದು ಕೊಟ್ಟಿದ್ದರು. ನಾಲ್ಕೇ ದಿನಕ್ಕೆ ತಾಯಿ ಮಗುವನ್ನು ಎತ್ತಿಕೊಂಡು ಬಂದಳು. ಬೆನ್ನೆಲ್ಲ ಕೆಂಡದಂತಾಗಿತ್ತು. "ಅವಳು ಬೈದಿದ್ರೆ ಚೆನ್ನಾಗಿತ್ತು. ಸುಮ್ನೆ ಹಾಸಿಗೆ ಇಟ್ಟು ಹೋದ್ಲು. ನಾನೂ ನನ್ನ ಗಂಡ ಮಾಡಿದ್ದನ್ನೇ ಮಾಡಿದೆ ಅನ್ನಿಸ್ತು." ಪೊನ್ನಮ್ಮನೇ ಮತ್ತೆ ಬಂದು ಕೂತು, ಹೊಸ ಬಟ್ಟೆಯ ಗಂಜಿ ಮತ್ತು ಬಣ್ಣ ಏಕೆ ಹೋಗಬೇಕು, ನೀರು ಎಷ್ಟು ಬಿಸಿ ಇರಬೇಕು, ಎಷ್ಟು ಸಲ ಜಾಲಿಸಬೇಕು ಎಂದು ಹೇಳಿಕೊಟ್ಟರು. ಎರಡನೆಯ ಹಾಸಿಗೆಯನ್ನು ವಿಮಲಮ್ಮ ತಾವೇ ಆ ಮನೆಗೆ ಹೊತ್ತುಕೊಂಡು ಹೋದರು.

ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಈಗ ವಿರಾಜಪೇಟೆ, ಮಡಿಕೇರಿ ಕಡೆಯಿಂದಲೂ ಬರುತ್ತಾರೆ. ಎಸ್ಟೇಟ್ ಲೈನುಗಳ ಸಾಲುಮನೆಗಳಲ್ಲಿರುವ ಕೂಲಿಯವರು ಬರುತ್ತಾರೆ, ಕಾರಿನಲ್ಲಿ ಬರುವವರೂ ಇದ್ದಾರೆ. ಬಿಸಿಲಿನ ದಿನಗಳಲ್ಲಿ ಒಂದು ಹಾಸಿಗೆ ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಪದರ ಪದರವನ್ನೂ ಇಸ್ತ್ರಿ ಮಾಡಿಯೇ ಒಣಗಿಸಬೇಕು. ವಾರ ದಾಟಿದರೂ ಮುಗಿಯುವುದಿಲ್ಲ. ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತದೆ.

ಬಂದವರು ಹಾಸಿಗೆ ತೆಗೆದುಕೊಂಡು ಹೋಗುತ್ತಾರೆ. ಬಹಳಷ್ಟು ಮಂದಿ ಮತ್ತೆ ಬರುವುದಿಲ್ಲ. ಮಗು ನಿದ್ದೆ ಮಾಡಿದರೆ ಬರುವ ಅಗತ್ಯ ಬೀಳುವುದಿಲ್ಲ. ಮಗು ಬೆಳೆದರೆ, ತುರಿಕೆಯಿತ್ತೆಂಬುದನ್ನೇ ಮನೆಯವರು ಯಾರಿಗೂ ಹೇಳುವುದಿಲ್ಲ. ಮುಂದೆ ಸಂಬಂಧ ಕೂಡಿಬರಬೇಕಲ್ಲ. ಒಮ್ಮೆ ಪೇಟೆಯಲ್ಲಿ, ಹಿಂದೆ ಹಾಸಿಗೆ ಒಯ್ದಿದ್ದ ತಾಯಿಯೊಬ್ಬಳು ಎದುರಾದಳು. ಜೊತೆಗಿದ್ದವರು ಯಾರಿವರು ಎಂದು ಕೇಳಿದ್ದಕ್ಕೆ "ಗೊತ್ತಿಲ್ಲ" ಎಂದು ನಡೆದುಬಿಟ್ಟಳು. ಇದನ್ನು ಹೇಳುವಾಗ ವಿಮಲಮ್ಮನ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಒಂದು ಕುತೂಹಲ. "ಅವಳ ಮಗ ಉದ್ದ ಬೆಳ್ದಿದ್ದ. ಅರ್ಧ ತೋಳಿನ ಅಂಗಿ ಹಾಕಿದ್ದ. ಕೈ ನೋಡ್ದೆ. ನುಣ್ಣಗಿತ್ತು."

ಜೂನ್ ಎರಡನೇ ವಾರಕ್ಕೆ ಬಾಳೆಲೆಯ ಹಾಸಿಗೆ ಸಿದ್ಧವಾಯಿತು. ತಲೆಯ ಕಡೆಗೆ ಮೋಕ್ಷಿತಾ ಆರಿಸಿದ ಹಸಿರು ಸೀರೆಯ ಪದರ. ಮೊಣ್ಣಪ್ಪ ಬಂದು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿ ಜೀಪಿನಲ್ಲಿಟ್ಟುಕೊಂಡು ಹೋದರಂತೆ. ಆಮೇಲೆ ಸುದ್ದಿಯಿಲ್ಲ. ಆ ವರ್ಷದ ಮಳೆ ಎಡೆಬಿಡದೆ ಸುರಿಯಿತು. ಸೆಪ್ಟೆಂಬರ್ ಕೊನೆಯಲ್ಲಿ ಬಾಳೆಲೆಗೆ ಹೋಗುವ ಕೆಲಸ ಬಿದ್ದಾಗ ನಾನೇ ಅವರ ಕ್ವಾರ್ಟರ್ಸ್ ಹುಡುಕಿಕೊಂಡು ಹೋಗುತ್ತೇನೆ.

ಜಗಲಿಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ಕಂದು ನಾಯಿ ತಲೆಯೆತ್ತಿ ಬೊಗಳುತ್ತದೆ. ಶರ್ಮಿಳಾ ಹೊರಗೆ ಬರುತ್ತಾರೆ. ಮೋಕ್ಷಿತಾ ಮನೆಯಲ್ಲಿಲ್ಲ. ಒಂದು ಕ್ಷಣ ನನಗೆ ಕೇಳಲು ಧೈರ್ಯವಾಗುವುದಿಲ್ಲ.

"ಸ್ಕೂಲಿಗೆ ಹೋಗಿದ್ದಾಳೆ" ಎನ್ನುತ್ತಾರೆ ಶರ್ಮಿಳಾ. "ಇಲ್ಲೇ, ಬಾಳೆಲೆ ಸ್ಕೂಲಿಗೆ. ಕಳಿಸ್ಲಿಲ್ಲ."

ತುರಿಕೆ ಪೂರ್ತಿ ಹೋಗಿಲ್ಲ ಎಂದೂ ಹೇಳುತ್ತಾರೆ. ಜುಲೈಯಲ್ಲಿ ಮಳೆ ಜೋರಾದಾಗ ಮಂಡಿಯ ಹಿಂದೆ ಮತ್ತೆ ಒಡೆಯಿತು. ಡಾಕ್ಟರು ಮುಲಾಮು ಬದಲಿಸಿಕೊಟ್ಟರು. ಒಂದು ವಾರ ಮೂರೂ ಜನ ಕಣ್ಣು ಮುಚ್ಚಲಿಲ್ಲ. ಕಳಿಸಿಬಿಡೋಣ ಎಂದು ಮೊಣ್ಣಪ್ಪ ಪಿರಿಯಾಪಟ್ಟಣಕ್ಕೆ ಫೋನನ್ನೂ ಮಾಡಿದ್ದರು. "ಆಮೇಲೆ ಮೆಲ್ಲ ಕಡಿಮೆ ಆಯ್ತು. ಈಗ ರಾತ್ರಿ ನಿದ್ದೆ ಮಾಡ್ತಾಳೆ. ಅರ್ಧ ನಿದ್ದೆಯಲ್ಲಿ ಕೈ ಚಾಚಿ ನಾನು ಇದ್ದೇನಾ ಅಂತ ನೋಡ್ತಾಳೆ. ಇದ್ದೇನೆ ಅಂತ ಗೊತ್ತಾದ್ರೆ ಮತ್ತೆ ಮಲಗ್ತಾಳೆ."

"ವಿಮಲಮ್ಮನಿಗೆ ಹೇಳಿದ್ರಾ?"

ಶರ್ಮಿಳಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾರೆ. "ಹೇಳ್ಬೇಕು ಅಂತ ಇದ್ದೆ. ಮಗು, ಮನೆ, ಕೆಲಸ ಅಂತ ಮರ್ತೇಹೋಯ್ತು."

ಅದೇ ಮಧ್ಯಾಹ್ನ ಮೂರ್ನಾಡಿನಲ್ಲಿ ಇಳಿದು ಸುದ್ದಿ ಮುಟ್ಟಿಸುತ್ತೇನೆ. ವಿಮಲಮ್ಮ ಯಂತ್ರದ ಮುಂದೆ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಾರೆ. ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿ ಪೂರ್ತಿ ಕೇಳುತ್ತಾರೆ. ಮಗು ಕೈ ಚಾಚಿ ಅಮ್ಮನನ್ನು ಹುಡುಕುತ್ತದೆ ಎಂದಾಗ ಅದನ್ನು ಇನ್ನೊಂದು ಸಲ ಹೇಳಿಸಿಕೊಳ್ಳುತ್ತಾರೆ.

"ಅವರು ಒಂದು ಫೋನ್ ಮಾಡ್ಬಹುದಿತ್ತು" ಎನ್ನುತ್ತೇನೆ.

"ಫೋನ್ ಬರ್ಲಿಲ್ಲ ಅಂದಾಗ್ಲೇ ಗೊತ್ತಾಯ್ತು ಬಿಡಿ, ಮಗು ಮಲಗ್ತಿದೆ ಅಂತ." ಮತ್ತೆ ಚಕ್ರ ತಿರುಗುತ್ತದೆ.

ನಡುಮನೆಯಲ್ಲಿ ಯಂತ್ರದ ಸದ್ದು ಬಿಟ್ಟರೆ ಬೇರೇನಿಲ್ಲ. ಟೀವಿ ಇಲ್ಲ. ದಿನದಲ್ಲಿ ಎಷ್ಟು ಮಾತಾಡುತ್ತೀರಿ ಎಂದು ಕೇಳಿದರೆ ಯೋಚಿಸಬೇಕಾಗುತ್ತದೆ ಅವರಿಗೆ. ಹಾಲಿನವನ ಹತ್ತಿರ ಒಂದೆರಡು ಮಾತು. ಬಟ್ಟೆ ಕೇಳಲು ಹೋದರೆ ಆ ಮನೆಯ ಅಜ್ಜಿಯ ಹತ್ತಿರ ನಾಲ್ಕು ಮಾತು. ಮಂಡಿ ನೋವಿನ ಪೊನ್ನಮ್ಮ ಈಗ ಓಣಿಯವರೆಗೆ ನಡೆದು ಬರಲಾರರು. "ಕೆಲವು ದಿನ ಸಾಯಂಕಾಲ ದೇವರ ದೀಪ ಹಚ್ಚೋವಾಗ ಬಾಯಿ ತೆಗೆದ್ರೆ ಗಂಟ್ಲು ಕಟ್ಕೊಂಡಿರುತ್ತೆ. ಆಗ ಗೊತ್ತಾಗುತ್ತೆ, ಬೆಳಗ್ಗಿಂದ ಮಾತೇ ಆಡಿಲ್ಲ ಅಂತ."

ಹೊರಡುವ ಮುಂಚೆ ದಿವ್ಯಶ್ರೀ ಬಗ್ಗೆ ಕೇಳುತ್ತೇನೆ. ಕುಶಾಲನಗರದಲ್ಲಿ ಟೀಚರ್. ಮದುವೆಯಾಗಿದೆ. ವರ್ಷ ತುಂಬಿದ ಗಂಡುಮಗುವಿದೆ. ಮಗುವಿನ ಚರ್ಮ ಹೇಗಿದೆ ಎಂದು ನಾನು ಕೇಳುವ ಮೊದಲೇ ವಿಮಲಮ್ಮ ಹೇಳುತ್ತಾರೆ. "ಚೆನ್ನಾಗಿದೆ. ಒಂದು ಕಲೆ ಇಲ್ಲ. ಹುಟ್ಟಿದ ದಿನ ಮೊದಲು ನೋಡಿದ್ದೇ ಅದನ್ನ." ವಿನುತಾ ದಿವ್ಯಶ್ರೀಗೆ ಅಮ್ಮ. ಇವರು ಮೂರ್ನಾಡಮ್ಮ. ಹಾಗೆ ಕರೆಯುವುದಕ್ಕೆ ತಾಯಿ ಮಗಳಿಬ್ಬರೂ ಒಗ್ಗಿಕೊಂಡಿದ್ದಾರೆ.

"ಬರ್ತಾಳೆ, ಎರಡು ಮೂರು ತಿಂಗಳಿಗೊಂದು ಸಲ. ಹಣ್ಣು ತರ್ತಾಳೆ, ಮಾತ್ರೆ ತಗೊಂಡ್ಯಾ ಅಂತ ಕೇಳ್ತಾಳೆ. ಮಗು ಇಲ್ಲೆಲ್ಲ ಅಂಬೆಗಾಲಿಡುತ್ತೆ. ನಾಲ್ಕು ಗಂಟೆ ಆಯ್ತು ಅಂದ್ರೆ ಕೈಗಡಿಯಾರ ನೋಡ್ತಾಳೆ, ಬಸ್ಸಿಗೆ ಹೊತ್ತಾಯ್ತು ಅಂತಾಳೆ. ಆರು ವರ್ಷದವಳು ಹೋದ್ಮೇಲೆ ಈ ಮನೇಲಿ ಒಂದು ರಾತ್ರಿ ಮಲಗಿಲ್ಲ ಅವಳು. ಮೊದಲು ಹತ್ತಿ ಇತ್ತು. ಆಮೇಲೆ ಅಭ್ಯಾಸ ತಪ್ಪಿಹೋಗಿತ್ತು."

"ಇದ್ದು ಹೋಗು ಅಂತ ನೀವು ಕೇಳಿದ್ದೀರಾ?"

ವಿಮಲಮ್ಮ ಹೊಲಿದು ಮುಗಿದ ಚೀಲವನ್ನು ತಿರುವಿ, ಮೂಲೆಗಳನ್ನು ಬೆರಳಿನಿಂದ ತಳ್ಳಿ ಸರಿಮಾಡುತ್ತಾರೆ.

"ಹೆಂಗೆ ಕೇಳ್ಲಿ ಮೇಡಂ? ಹೋಗು ಅಂತ ಕಳಿಸಿದೋಳು ನಾನೇ ಅಲ್ವಾ."

ಆಮೇಲೆ ನನ್ನ ಮುಖ ನೋಡದೆ, ಯಾವುದೋ ಸಣ್ಣ ತಪ್ಪು ಒಪ್ಪಿಕೊಳ್ಳುವವರಂತೆ ಹೇಳುತ್ತಾರೆ. "ಅವಳು ಬಂದ ದಿನ ದೇವರ ಹತ್ರ ಒಂದೇ ಕೇಳ್ಕೊಳ್ಳೋದು. ಇವತ್ತೊಂದು ದಿನ ಆ ಬಸ್ಸು ತಪ್ಪಲಿ ಅಂತ."